ಇಲ್ಲ ಅನ್ನುವ ಮೊದಲು

ಹಾಸಿಗೆ ಅಂಗಡಿಯ ಮೇಲಿನ ಗೋದಾಮಿಗೆ ಮೆಟ್ಟಿಲು ಹತ್ತಿ ಬಂದ ಬೇಕರಿಯಾಕೆಯ ಕೈಗೆ ಮೊಣಕೈವರೆಗೂ ಹಿಟ್ಟು ಮೆತ್ತಿತ್ತು. ಕೈ ತೊಳೆಯುವಷ್ಟೂ ತಾಳ್ಮೆಯಿಲ್ಲದೆ ಬಂದಿದ್ದಾಳೆ ಎಂದು, ಎಲ್ಲರೂ 'ಕತ್ತರಿ' ಎಂದು ಕರೆಯುವ ಪಾಡ್‌ಕಾಸ್ಟಿನಾಕೆಗೆ ನೋಡಿದ ಕೂಡಲೇ ಗೊತ್ತಾಯಿತು. ಬಂದವಳು ಕೂರಲಿಲ್ಲ. ಮೊಬೈಲನ್ನು ಮೇಜಿನ ಮೇಲಿಟ್ಟು ಒಂದು ವಿಡಿಯೊ ಒತ್ತಿದಳು.

ಟಿವಿ ಚಾನೆಲ್ಲೊಂದರ ನಿರೂಪಕ ನಗುಮುಖದಲ್ಲಿ ಹೇಳುತ್ತಿದ್ದ: "ನಮ್ಮ ಮೇಲೆ ಏನೇನೋ ಆರೋಪ ಮಾಡುವ 'ಇನ್ನೊಮ್ಮೆ' ಪಾಡ್‌ಕಾಸ್ಟ್‌ನಲ್ಲೇ ಆ ಬೇಕರಿಯ ಮಾಲೀಕರು ಏನಂದಿದ್ದಾರೆ, ನೀವೇ ಕೇಳಿ."

ಆಮೇಲೆ ಕತ್ತರಿಯದೇ ದನಿ: "ಚಾನೆಲ್‌ನವರ ಮೇಲೆ ನಿಮಗೆ ಕೋಪ ಇದೆಯಾ?"

ಅದರ ಬೆನ್ನಿಗೇ ಬೇಕರಿಯಾಕೆಯ ದನಿ: "ಇಲ್ಲ."

ನಿರೂಪಕ ಎರಡೂ ಕೈ ಅಗಲಿಸಿದ. "ಅವರಿಗೇ ಇಲ್ಲದ ಕೋಪ ಉಳಿದವರಿಗೆ ಯಾಕೆ?"

ಬೇಕರಿಯಾಕೆ ವಿಡಿಯೊ ನಿಲ್ಲಿಸಿದಳು. "ನಾನು ಹೀಗೆ ಹೇಳಿಲ್ಲ."

"ದನಿ ನಿಮ್ಮದೇ ಅಲ್ವಾ?" ಎಂದಳು ಕತ್ತರಿ.

"ದನಿ ನಂದೇ. ಮಾತೂ ನಂದೇ. ಆದ್ರೆ ನಾನು ಹೀಗೆ ಹೇಳಿಲ್ಲ ಮೇಡಂ."

ಕತ್ತರಿ ಎನ್ನುವುದು ಅವಳ ಹೆಸರಲ್ಲ. ಪತ್ರಿಕೆಯೊಂದರಲ್ಲಿ ಉಪಸಂಪಾದಕಿಯಾಗಿದ್ದಾಗ ವರದಿಗಾರರು ಇಟ್ಟ ಅಡ್ಡಹೆಸರು. ಎಷ್ಟೇ ಉದ್ದದ ವರದಿ ಕೈಗೆ ಬಂದರೂ ಜಾಗಕ್ಕೆ ಸರಿಯಾಗಿ ಕತ್ತರಿಸಿ, ಒಂದು ಸಂಗತಿಯೂ ಬಿಟ್ಟುಹೋಗದಂತೆ ಕೂರಿಸುತ್ತಿದ್ದಳು. ಪತ್ರಿಕೆ ಮುಚ್ಚಿತು, ಹೆಸರು ಮಾತ್ರ ಅವಳ ಜೊತೆ ಮನೆಗೆ ಬಂತು. ಈಗ ವಾರಕ್ಕೊಂದು ಕಂತಿನಂತೆ 'ಇನ್ನೊಮ್ಮೆ' ಪಾಡ್‌ಕಾಸ್ಟ್ ಮಾಡುತ್ತಾಳೆ. ಆ ವಾರದ ಒಂದು ಸುದ್ದಿಯನ್ನು ಹಿಡಿದು, ಅದು ಎಲ್ಲಿ ಹುಟ್ಟಿತು, ಯಾರ ಬಾಯಿಂದ ಯಾರ ಕಿವಿಗೆ ಹೋಯಿತು, ಎಲ್ಲಿ ಬಾಲ ಬೆಳೆಸಿಕೊಂಡಿತು ಎಂದು ಹಿಂದಕ್ಕೆ ನಡೆದು ತೋರಿಸುವುದು ಅದರ ಕೆಲಸ. ಜಾಹೀರಾತು ಇಲ್ಲ. ಕೇಳುಗರು ಕೈಲಾದಷ್ಟು ಕಳಿಸುತ್ತಾರೆ, ಅದರಲ್ಲೇ ನಡೆಯುತ್ತದೆ.

ಗಂಡನ ಮನೆಯವರ ಹಾಸಿಗೆ ಗೋದಾಮೇ ಸ್ಟುಡಿಯೊ. ಗೋಡೆಗೆ ಒರಗಿಸಿ ನಿಲ್ಲಿಸಿದ ಹಾಸಿಗೆಗಳು ಬೀದಿಯ ಗದ್ದಲವನ್ನೆಲ್ಲ ನುಂಗಿಬಿಡುತ್ತವೆ. ಧ್ವನಿಯ ಕೆಲಸ ಮೈದುನನದು. ವ್ಯಾಪಾರ ಚೆನ್ನಾಗಿ ಆದ ದಿನ ಒಂದು ಗೋಡೆ ಬೋಳಾಗಿ, ದನಿ ಗುಂಯ್‌ಗುಟ್ಟಿ, ಅವನು ಅಣ್ಣನ ಮೇಲೆ ರೇಗುವುದುಂಟು: "ಹಾಸಿಗೆ ಮಾರಿದೆ ಅನ್ಕೊಂಡಿದ್ದೀಯ. ನೀನು ಮಾರಿದ್ದು ನನ್ನ ಸ್ಟುಡಿಯೊನ."

ಬೇಕರಿಯ ವಿಷಯ ಇಷ್ಟು. ಊರಿನ ಯಾವುದೋ ಬೇಕರಿಯ ಅಡುಗೆಕೋಣೆ ಗಲೀಜಾಗಿದೆ ಎಂದು ಚಾನೆಲ್ ವರದಿ ಮಾಡಿತ್ತು. ವರದಿ ನಿಜ. ಆದರೆ ಅದರ ಜೊತೆ ತೋರಿಸಿದ ಬೋರ್ಡು ಈಕೆಯದು. ಕ್ಯಾಮೆರಾದವನು ಒಂದು ಬೀದಿ ಮೊದಲೇ ತಿರುಗಿದ್ದ. ಮರುದಿನದಿಂದ ಬ್ರೆಡ್ಡು ಕೊಳ್ಳುವವರು ಎದುರಿನ ಫುಟ್‌ಪಾತಿನಲ್ಲಿ ನಡೆಯತೊಡಗಿದರು. ಈಕೆ ಕೇಳಿದ್ದು ಒಂದೇ: ಬೋರ್ಡು ತಪ್ಪು ಎಂದು ನೀವೇ ಒಂದು ಸಲ ಟಿವಿಯಲ್ಲಿ ಹೇಳಿ. ಚಾನೆಲ್‌ನವರು ಇವತ್ತು ನಾಳೆ ಎನ್ನುತ್ತ ಕಾಗೆ ಹಾರಿಸುತ್ತಿದ್ದಾಗಲೇ ಕತ್ತರಿ ಬೇಕರಿಗೆ ಹೋಗಿ ಮಾತಾಡಿಸಿ, ಇಡೀ ಕಂತನ್ನು ಅದಕ್ಕೇ ಕೊಟ್ಟಿದ್ದಳು. ಒಳ್ಳೆಯ ಕಂತು ಎಂದು ಅವಳಿಗೇ ಅನ್ನಿಸಿತ್ತು.

"ಇವತ್ತು ಫೋನ್ ಮಾಡಿದ್ರೆ ಏನಂತಾರೆ ಗೊತ್ತಾ," ಎಂದಳು ಬೇಕರಿಯಾಕೆ. "ನೀವೇ ಕೋಪ ಇಲ್ಲ ಅಂದಿದ್ದೀರಲ್ಲ ಅಮ್ಮಾ, ಅಲ್ಲಿಗೆ ಮುಗೀತು ಅಂತಾರೆ. ನಾನು ಹೇಳಿದ್ದನ್ನ ನೀವು ಏನೋ ಮಾಡಿದ್ದೀರ."

ಕತ್ತರಿ ಮೈದುನನ ಕಡೆ ನೋಡಿದಳು. ಅವನು ಆಗಲೇ ಮೂಲ ರೆಕಾರ್ಡಿಂಗ್ ಹುಡುಕುತ್ತಿದ್ದ.

ಹಾಕಿದಾಗ ಮೂವರೂ ಬಗ್ಗಿ ಕೇಳಿದರು. "ಚಾನೆಲ್‌ನವರ ಮೇಲೆ ನಿಮಗೆ ಕೋಪ ಇದೆಯಾ?" ಎಂಬ ಪ್ರಶ್ನೆ. ಆಮೇಲೆ ಮಾತಿಲ್ಲ. ಒಲೆಯ ಬಾಗಿಲು ತೆರೆದ ಸದ್ದು. ಕಬ್ಬಿಣದ ಟ್ರೇ ಎಳೆದದ್ದು. ಹೊರಗೆ ಯಾರದೋ ಸ್ಕೂಟರ್ ಬಂದು, ನಿಧಾನ ಮಾಡಿ, ನಿಲ್ಲದೆ ಮುಂದಕ್ಕೆ ಹೋದದ್ದು. ಟ್ರೇ ಕಟ್ಟೆಯ ಮೇಲೆ ಕೂತದ್ದು. ಒಂದು ದೀರ್ಘ ಉಸಿರು. ಕೇಳುವವರಿಗೆ ಇನ್ನು ಉತ್ತರ ಬರುವುದಿಲ್ಲ ಅನ್ನಿಸಿದ ಮೇಲೆ, ಸಣ್ಣಗೆ, "ಇಲ್ಲ."

ಮೈದುನ ರೆಕಾರ್ಡಿಂಗ್ ನಿಲ್ಲಿಸಿದ.

"ಒಂದು ಮಾತೂ ತೆಗೆದಿಲ್ಲ ಅತ್ತಿಗೆ. ಮಧ್ಯದ ಖಾಲಿ ಜಾಗ ಮಾತ್ರ ತೆಗ್ದೆ. ಎಲ್ಲರದ್ದೂ ತೆಗೀತೀನಿ. ಕಂತು ಎಳೀತಾ ಇದೆ ಅಂತ ಜನ ಗೊಣಗ್ತಾ ಇದ್ರಲ್ಲ."

ತೆಗೆದದ್ದೂ ನಾಜೂಕಾಗಿಯೇ, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ. ಅವನನ್ನು ಬೈಯಲು ಕತ್ತರಿಗೆ ಬಾಯಿ ಬರಲಿಲ್ಲ. ಆ ಹೊತ್ತಿನಲ್ಲಿ ಬೇಕರಿಯಲ್ಲಿ ಮೈಕು ಹಿಡಿದು ನಿಂತಿದ್ದವಳು ಅವಳೇ. ಉತ್ತರ ಬಾರದಿದ್ದಾಗ ಮುಜುಗರವಾಗಿ ಮುಂದಿನ ಪ್ರಶ್ನೆ ಯೋಚಿಸತೊಡಗಿದ್ದಳು. ಮೈದುನ ತಿದ್ದಿದ ಕಂತನ್ನು ಕೇಳಿ ಒಪ್ಪಿದವಳೂ ಅವಳೇ. ಆ ಮುಜುಗರ ಮಾಯವಾದದ್ದು ಅವಳಿಗೆ ಹಿತವಾಗಿತ್ತು, ಅಷ್ಟೇ.

ಎಚ್ಚರಿಸಿದವರು ಇರಲಿಲ್ಲವೇ ಎಂದರೆ ಇದ್ದರು. ಈ ಮನೆಯಲ್ಲಿ ಒಂದು ಪದ್ಧತಿ. ಕಂತು ಹೊರಗೆ ಹೋಗುವ ಮುಂಚೆ ಕೆಳಗೆ ಗಲ್ಲಾಪೆಟ್ಟಿಗೆಯ ಹಿಂದೆ ಕೂತ ಅತ್ತೆ ಕಣ್ಣು ಮುಚ್ಚಿ ಕೇಳಬೇಕು. ಅವರು "ಏನಂದ ಅವನು?" ಎಂದು ಕೇಳಿದರೆ ಆ ಭಾಗ ಮತ್ತೆ ತಿದ್ದಬೇಕು. ಬೇಕರಿಯ ಕಂತು ಕೇಳಿ ಅವರು ಕಣ್ಣು ಬಿಟ್ಟು, "ಇಷ್ಟು ಸಲೀಸಾಗಿ ಇಲ್ಲ ಅಂದ್ಬಿಟ್ಲಾ? ನಾನಾಗಿದ್ರೆ ಮೊದಲು ಅವನ ವಂಶವನ್ನೆಲ್ಲ ವಿಚಾರಿಸಿಕೊಳ್ತಿದ್ದೆ," ಎಂದಿದ್ದರು. ಎಲ್ಲರೂ ನಕ್ಕು ಸುಮ್ಮನಾಗಿದ್ದರು.

ಪ್ರತಿ ಕಂತೂ ಹಿಂದಿನ ಕಂತಿನ ತಪ್ಪನ್ನು ಒಪ್ಪಿಕೊಂಡೇ ಶುರುವಾಗುವುದು 'ಇನ್ನೊಮ್ಮೆ'ಯ ನಿಯಮ. ಇದುವರೆಗೆ ಅವೆಲ್ಲ ಚಿಲ್ಲರೆ ತಪ್ಪುಗಳು: ಒಂದು ತಾರೀಖು, ಯಾರದೋ ಹುದ್ದೆ. ನಿವೃತ್ತ ಲೆಕ್ಕದ ಮೇಷ್ಟ್ರೊಬ್ಬರು ಅವನ್ನು ಹುಡುಕಿ ದನಿ ಸಂದೇಶ ಕಳಿಸುವುದನ್ನೇ ಕಸುಬು ಮಾಡಿಕೊಂಡಿದ್ದರು. ಕತ್ತರಿ ಅಲ್ಲೇ ಕೂತು ವಾಕ್ಯ ಬರೆದು ಓದಿದಳು: "ಹಿಂದಿನ ಕಂತಿನಲ್ಲಿ ಬೇಕರಿಯ ಮಾಲೀಕರು ಉತ್ತರ ಕೊಡುವ ಮೊದಲು ತೆಗೆದುಕೊಂಡ ಸಮಯವನ್ನು ನಾವು ತೆಗೆದುಹಾಕಿದ್ದೆವು. ಅದರಿಂದ ಅವರ ಉತ್ತರಕ್ಕೆ ಬೇರೆ ಅರ್ಥ ಬಂದಿದೆ. ಇದು ನಮ್ಮ ತಪ್ಪು."

ವಾಕ್ಯದಲ್ಲಿ ಒಂದು ಅಕ್ಷರವೂ ಹೆಚ್ಚಿರಲಿಲ್ಲ. ಬೇಕರಿಯಾಕೆ ಒಪ್ಪದೆ ತಲೆಯನ್ನು ಅಡ್ಡಡ್ಡ ಆಡಿಸಿದಳು.

"ಇದನ್ನ ಕೇಳಿದವರಿಗೆ ಏನು ಗೊತ್ತಾಗುತ್ತೆ? ನಾನೇನೋ ಸ್ವಲ್ಪ ತೊದಲಿದೆ ಅನ್ಕೊಳ್ತಾರೆ."

ಕತ್ತರಿ ಹಾಳೆ ಕೆಳಗಿಟ್ಟಳು. "ಹಾಗಾದ್ರೆ ಪೂರ್ತಿ ಹಾಕ್ತೀವಿ. ಒಂದು ಚೂರೂ ಮುಟ್ಟದೆ."

"ಅತ್ತಿಗೆ," ಎಂದ ಮೈದುನ. "ಅಷ್ಟು ಹೊತ್ತು ಮಾತಿಲ್ಲದಿದ್ರೆ ಫೋನ್ ಸತ್ತಿದೆ ಅನ್ಕೊಂಡು ಜನ ಎದ್ದು ಹೋಗ್ತಾರೆ. ಅದೂ ಶುರುವಿನಲ್ಲೇ. ನಮ್ಮನ್ನ ನಡೆಸ್ತಿರೋದು ಆ ಜನಾನೇ. ಇನ್ನು ಚಾನೆಲ್‌ನೋರು, ಬೇರೆಯವರ ತಪ್ಪು ಎಣಿಸೋರು ತಾವೇ ಮಾತು ಕತ್ತರಿಸ್ತಾರೆ ಅಂತ ತಮಟೆ ಹೊಡೀತಾರೆ."

"ಹೊಡೀಲಿ. ಅದು ನಿಜ ತಾನೆ?"

ಮೈದುನ ಮುಖ ಊದಿಸಿಕೊಂಡು ಹೆಡ್‌ಫೋನ್ ಹಾಕಿಕೊಂಡ. ಕತ್ತರಿ ಬೇಕರಿಯಾಕೆಯ ಕಡೆ ತಿರುಗಿದಳು. "ಆ ಹೊತ್ತಿನಲ್ಲಿ ಏನು ಯೋಚಿಸ್ತಾ ಇದ್ರಿ?"

"ಯೋಚನೆ ಎಂಥದು. ಟ್ರೇ ಬಿಸಿ ಇತ್ತು, ಮೊದಲು ಅದನ್ನ ಇಡಬೇಕಿತ್ತು. ಆ ಸ್ಕೂಟರಿನವರು ನಮ್ಮ ಖಾಯಂ ಗಿರಾಕಿ. ನಿಲ್ಲಿಸ್ತಾರೇನೋ ಅಂತ ನೋಡಿದೆ. ನಿಲ್ಲಿಸ್ಲಿಲ್ಲ. ಕೋಪ ಇದೆ ಅಂದ್ರೆ ನೀವು ಹೋದ ಮೇಲೂ ನಾನು ಅದನ್ನ ಇಟ್ಕೊಂಡು ಕೂತಿರಬೇಕು. ನಂಗೆ ಇನ್ನೂ ಎರಡು ಟ್ರೇ ಬನ್ ಬೇಯಿಸೋದಿತ್ತು. ಅದಕ್ಕೇ ಇಲ್ಲ ಅಂದೆ."

ಕತ್ತರಿಯ ಕೈ ತಾನಾಗಿಯೇ ಮೈಕಿನ ಕಡೆ ಹೋಯಿತು. "ಇದನ್ನೇ ಇನ್ನೊಂದ್ಸಲ ಹೇಳ್ತೀರಾ? ರೆಕಾರ್ಡ್ ಮಾಡ್ಕೊಳ್ತೀನಿ."

"ಬೇಡ. ಮತ್ತೆ ಅದನ್ನೂ ಎಲ್ಲಾದ್ರೂ ಕತ್ತರಿಸ್ತೀರ." ಬೇಕರಿಯಾಕೆಯ ಮುಖದಲ್ಲಿ ಮೊದಲ ಸಲ ನಗೆಯಂಥದ್ದು ಕಾಣಿಸಿತು. "ನಾನು ಸುಮ್ನಿದ್ದಿದ್ದನ್ನ ಹಾಕಿ ಮೇಡಂ. ಅಷ್ಟು ಸಾಕು."

ಹಾಗೆಯೇ ಹಾಕಿದರು. ಮೊದಲು ಕತ್ತರಿಯ ವಾಕ್ಯ, ಆಮೇಲೆ ಪ್ರಶ್ನೆ, ಒಲೆ, ಟ್ರೇ, ಸ್ಕೂಟರ್, ಉಸಿರು, ಉತ್ತರ. ಅತ್ತೆ ಕಣ್ಣು ಮುಚ್ಚಿ ಕೇಳಿದರು. ಮುಗಿದ ಮೇಲೂ ಸ್ವಲ್ಪ ಹೊತ್ತು ಕಣ್ಣು ಬಿಡಲಿಲ್ಲ. "ಏನಂದ್ಲು?" ಎಂದು ಕೇಳಲೂ ಇಲ್ಲ.

ಮೈದುನ ಹೆದರಿದ್ದು ಪೂರ್ತಿ ಸುಳ್ಳಾಗಲಿಲ್ಲ. ಕೆಲವರು ಬೆಂಬಲ ನಿಲ್ಲಿಸಿದರು. ನೀವೂ ಅವರ ಹಾಗೇ ಎಂದು ಒಬ್ಬರು ಬರೆದರು, ಕತ್ತರಿ ಅದನ್ನು ಎರಡು ಸಲ ಓದಿದಳು. ಇನ್ನೊಬ್ಬರು ಮೊಬೈಲು ಕೆಟ್ಟಿದೆಯೆಂದು ರಿಪೇರಿ ಅಂಗಡಿಗೆ ಹೋಗಿದ್ದರಂತೆ. ಅಂಗಡಿಯವನು ಪರೀಕ್ಷೆ ಮಾಡಲು ಅದೇ ಕಂತನ್ನು ಹಾಕಿ, ಪೂರ್ತಿ ಕೇಳಿ, "ಫೋನ್ ಸರಿಯಾಗಿದೆ, ಯಾರು ಈ ಅಮ್ಮ?" ಎಂದನಂತೆ. ಲೆಕ್ಕದ ಮೇಷ್ಟ್ರ ಸಂದೇಶವೂ ಬಂತು: "ಈ ವಾರ ನಾನು ತಪ್ಪು ಹುಡುಕಲಿಲ್ಲ. ಕೇಳುತ್ತಾ ಕೂತುಬಿಟ್ಟೆ."

ಚಾನೆಲ್ ತಮಟೆಯನ್ನೂ ಹೊಡೆಯಿತು. ನಿರೂಪಕ ಒಂದು ಸಂಜೆಯೆಲ್ಲ ಅದನ್ನೇ ಆಡಿಕೊಂಡ. ಕತ್ತರಿ ಕೂತು ನೋಡಿದಳು. ಹೇಳಿದ್ದರಲ್ಲಿ ಸುಳ್ಳಿರಲಿಲ್ಲ, ಹಾಗಾಗಿ ಉತ್ತರ ಕೊಡುವಂಥದ್ದೂ ಇರಲಿಲ್ಲ. ಬೇಕರಿಯ ಬೋರ್ಡಿನ ವಿಷಯವನ್ನು ಮಾತ್ರ ಅವನು ಎತ್ತಲಿಲ್ಲ.

ಮರುದಿನ ಸಂಜೆ ಅತ್ತೆ ಅಂಗಡಿಯಲ್ಲಿ ಟಿವಿ ಹಾಕಿಕೊಂಡು ಕೂತಿದ್ದರು. ಅದೇ ಚಾನೆಲ್ಲಿನಲ್ಲಿ ವೀಕ್ಷಕರು ಫೋನ್ ಮಾಡಿ ಮಾತಾಡುವ ಕಾರ್ಯಕ್ರಮ. ಇದ್ದಕ್ಕಿದ್ದಂತೆ ಅವರ ಕೂಗು ಗೋದಾಮಿಗೆ ಕೇಳಿಸಿತು: "ಏಯ್, ಇಬ್ಬರೂ ಕೆಳಗೆ ಬನ್ನಿ. ಇವನಿಗೆ ಏನೋ ಆಗಿದೆ."

ನಿರೂಪಕ "ಹಲೋ, ಹಲೋ, ಮಾತಾಡಿ, ನೀವು ಲೈನ್‌ನಲ್ಲಿದ್ದೀರಿ" ಎನ್ನುತ್ತ ಕಿವಿಯ ಯಂತ್ರವನ್ನು ಒತ್ತಿಕೊಳ್ಳುತ್ತಿದ್ದ. ಆ ಕಡೆ ಯಾರೋ ಇದ್ದರು, ಫ್ಯಾನ್ ತಿರುಗುವ ಸದ್ದಿತ್ತು. ಅವನು ಲೈನ್ ಕತ್ತರಿಸಬೇಕೆನ್ನುವಷ್ಟರಲ್ಲಿ ಒಬ್ಬ ಹೆಂಗಸಿನ ದನಿ ಬಂತು: "ಆ ಬೇಕರಿಯವರು ಸುಮ್ನಿದ್ದಷ್ಟು ಹೊತ್ತು ನಾನೂ ಸುಮ್ನಿದ್ದೆ. ಕಷ್ಟ ಆಯ್ತಲ್ವಾ? ಈಗ ಹೇಳಿ, ನೀವು ತೋರಿಸಿದ ಬೋರ್ಡು ಅವರದಾ, ಬೇರೆಯವರದಾ?"

ಅತ್ತೆ ಚಪ್ಪಾಳೆ ಹೊಡೆದರು. ಕತ್ತರಿ ಹೊಡೆಯಲಿಲ್ಲ. ಮಾರನೆಯ ಸಂಜೆ ಇನ್ನೊಬ್ಬರು, ಅದರ ಮಾರನೆಯ ಸಂಜೆ ಮತ್ತೊಬ್ಬರು ಹಾಗೆಯೇ ಮಾಡಿದಾಗ ಅವಳಿಗೆ ಇರುಸುಮುರುಸಾಯಿತು. ಕೇಳುಗರನ್ನು ಎತ್ತಿಕಟ್ಟುವುದು ಅವಳ ಜಾಯಮಾನವಲ್ಲ. 'ಇನ್ನೊಮ್ಮೆ' ಇದನ್ನು ಯಾರಿಗೂ ಹೇಳಿಲ್ಲ, ಬೇರೆಯವರ ಫೋನ್ ಸರದಿಗೆ ಅಡ್ಡಿ ಮಾಡಬೇಡಿ ಎಂದು ಮುಂದಿನ ಕಂತಿಗೆ ಎರಡು ಸಾಲು ಬರೆದಳು.

"ನೀನು ಬೇಡ ಅಂದ್ರೆ ನಿಲ್ಲಿಸ್ತಾರಾ?" ಎಂದರು ಅತ್ತೆ.

"ನಿಲ್ಲಿಸದಿದ್ರೆ ಅದು ಅವರಿಷ್ಟ ಅತ್ತೆ. ನಾನು ಹೇಳಿದ್ದು ನನ್ನ ಲೆಕ್ಕಕ್ಕೆ."

"ಪತ್ರಿಕೆ ಮುಚ್ಚಿದ್ರೂ ನಿನ್ನ ತಲೆಯೊಳಗಿನ ಡೆಸ್ಕು ಮುಚ್ಚಿಲ್ಲ ನೋಡು."

ಆ ಎರಡು ಸಾಲನ್ನು ಓದುವ ಅಗತ್ಯ ಬೀಳಲಿಲ್ಲ. ಕಂತು ರೆಕಾರ್ಡ್ ಮಾಡುವ ದಿನ ಬೆಳಿಗ್ಗೆ ಬೇಕರಿಯಾಕೆಗೆ ಚಾನೆಲ್‌ನಿಂದ ಫೋನ್ ಬಂದಿತ್ತು, ಇವತ್ತೇ ತಪ್ಪು ತಿದ್ದಿ ಹೇಳುತ್ತೇವೆ ಎಂದು. ಸಂಜೆಯ ವಾರ್ತೆ ನೋಡಲು ಕತ್ತರಿಯೂ ಮೈದುನನೂ ಬೇಕರಿಗೇ ಹೋದರು. ಅಂಗಡಿ ನೋಡಿಕೊಳ್ಳುವುದನ್ನು ದೊಡ್ಡ ಮಗನಿಗೆ ಬಿಟ್ಟು ಅತ್ತೆಯೂ ಹೊರಟರು, ಬನ್ ಕೊಳ್ಳುವ ನೆಪದಲ್ಲಿ. ಹವಾಮಾನಕ್ಕೆ ಮುಂಚೆ ನಿರೂಪಕ ಹಾಳೆ ನೋಡಿ ಓದಿದ. ಗಲೀಜು ಅಡುಗೆಕೋಣೆಯ ವರದಿಯಲ್ಲಿ ತೋರಿಸಿದ ಬೋರ್ಡು ಬೇರೆ ಬೇಕರಿಯದು, ಆ ಬೇಕರಿಗೂ ವರದಿಗೂ ಸಂಬಂಧವಿಲ್ಲ, ವಿಷಾದಿಸುತ್ತೇವೆ. ಬೋರ್ಡನ್ನು ಇನ್ನೊಮ್ಮೆ ತೋರಿಸಿದರು, ಈ ಸಲ ಸರಿಯಾದ ಮಾತಿನ ಜೊತೆ.

"ರೈಲು ತಪ್ಪಿಹೋಗುತ್ತೆ ಅನ್ನೋ ಹಾಗೆ ಓದಿದ," ಎಂದರು ಅತ್ತೆ.

"ವಾಕ್ಯ ಸರಿಯಾಗಿದೆ," ಎಂದಳು ಕತ್ತರಿ. "ಏನೂ ಬಿಟ್ಟಿಲ್ಲ."

ಬೇಕರಿಯಾಕೆ ಕಟ್ಟೆಯನ್ನು ಒಂದು ಸಲ ಒರೆಸಿದಳು, ಅದೇ ಜಾಗವನ್ನು ಮತ್ತೊಂದು ಸಲ ಒರೆಸಿದಳು. ಹೊರಗೆ ಸ್ಕೂಟರೊಂದು ಬಂದು ನಿಧಾನ ಮಾಡಿತು. ಆ ಸದ್ದನ್ನು ಅಷ್ಟು ಸಲ ಕೇಳಿದ್ದ ಮೈದುನ ತಟ್ಟನೆ ತಲೆ ಎತ್ತಿದ. ಎಂಜಿನ್ ನಿಂತಿತು. ಒಳಗೆ ಬಂದವರು ಟಿವಿಯ ವಿಷಯ ಎತ್ತದೆ, ಯಾರ ಮುಖವನ್ನೂ ನೋಡದೆ, "ಒಂದು ಬ್ರೆಡ್ಡು, ಬಿಸಿ ಇದ್ರೆ," ಎಂದರು.

"ಬಿಸಿ ಇದೆ," ಎಂದಳು ಬೇಕರಿಯಾಕೆ.

ಅವರು ಹೋದ ಮೇಲೆ ಕತ್ತರಿ ಮೈಕು ತೆಗೆದಳು. "ಒಂದೇ ಪ್ರಶ್ನೆ. ಹಿಂದೆ ಕೇಳಿದ್ದೇ."

"ಕೇಳಿ."

"ಚಾನೆಲ್‌ನವರ ಮೇಲೆ ನಿಮಗೆ ಕೋಪ—"

"ಇಲ್ಲ," ಎಂದುಬಿಟ್ಟಳು ಬೇಕರಿಯಾಕೆ. ಹಾಗೆಂದು ಒಲೆಯ ಕಡೆ ತಿರುಗಿದಳು. ಟ್ರೇ ತೆಗೆಯುವ ಹೊತ್ತಾಗಿತ್ತು.

ಮೈದುನ ಹೆಡ್‌ಫೋನ್ ಕೆಳಗಿಳಿಸಿ ಎರಡೂ ಕೈ ಮೇಲೆತ್ತಿ ತೋರಿಸಿದ. "ಅತ್ತಿಗೆ, ಎಲ್ಲರೂ ನೋಡಿದ್ದೀರ. ಈ ಸಲ ನಾನು ಮುಟ್ಟಿಲ್ಲ."