ತಪ್ಪಿಸಿಕೊಂಡ ಗೆರೆ

ಹೊದಿಕೆಯ ಎರಡು ತುದಿ ನನ್ನ ಕೈಯಲ್ಲಿ, ಇನ್ನೆರಡು ಸೊಸೆಯ ಕೈಯಲ್ಲಿ. ಒಗೆದು ಒಣಗಿದ್ದನ್ನು ಮಡಚುತ್ತಿದ್ದೆವು. ತುದಿಗೆ ತುದಿ ಕೂಡಿಸಲು ಹತ್ತಿರ ಬಂದವಳು ಪಿಸುಗುಟ್ಟಿದಳು: "ಅತ್ತೆ, ಮಾವ ಸಹಿ ಹಾಕಿದ್ರಾ?"

"ಕಾಗುಣಿತ ತಿದ್ತಾ ಇದಾರೆ."

"ಇನ್ನೂನಾ? ಇರೋದೇ ನಾಲ್ಕು ಸಾಲು! ತಿಂಗಳುಗಟ್ಟಲೆ ತಿದ್ದೋಕೆ ಅದೇನು ಮಹಾಕಾವ್ಯವಾ?"

ನನ್ನ ಗಂಡ ನಿವೃತ್ತರಾಗುವವರೆಗೂ ಮರದ ಉಂಗುರ ಎಣಿಸಿದವರು. ಈಗ ಅದೇ ಪ್ರಯೋಗಾಲಯದಲ್ಲಿ ಸೊಸೆ ಎಣಿಸುತ್ತಾಳೆ. ಬೆಟ್ಟದ ನೆತ್ತಿಯ ಮರಗಳನ್ನು ಕೊರೆದು, ಪೆನ್ಸಿಲ್ಲಿಗಿಂತ ತೆಳ್ಳಗಿನ ಕಡ್ಡಿಯೊಂದನ್ನು ಹೊರಗೆಳೆಯುತ್ತಾರೆ, ಮರ ಸಾಯುವುದಿಲ್ಲ. ಆ ಕಡ್ಡಿಯಲ್ಲಿ ವರ್ಷಕ್ಕೊಂದು ಗೆರೆ. ಬೇಸಿಗೆ ಬೆಚ್ಚಗಿದ್ದರೆ ಗೆರೆ ಅಗಲ, ಚಳಿ ಬಡಿದಿದ್ದರೆ ಕೂದಲೆಳೆ. ಥರ್ಮಾಮೀಟರ್ ಹುಟ್ಟುವ ಮೊದಲು ಲೋಕ ಎಷ್ಟು ಬೆಚ್ಚಗಿತ್ತು, ಈಗ ಎಷ್ಟು ಕಾಯುತ್ತಿದೆ ಎಂಬುದಕ್ಕೆ ಮರವೇ ಸಾಕ್ಷಿ. ಆ ಗೆರೆಗಳಿಂದ ಇವರು ಬರೆದ ವರ್ಷವಾರು ತಾಪಮಾನದ ನಕ್ಷೆಯನ್ನು ಎಲ್ಲೆಲ್ಲಿಯವರೋ ನಂಬಿ ಬಳಸುತ್ತಾರೆ. ಆ ಹೆಮ್ಮೆ ನಮ್ಮ ಮನೆಯಲ್ಲಿ ಉಪ್ಪಿಗಿಂತ ಹೆಚ್ಚು ಖರ್ಚಾಗಿದೆ.

ಆ ನಕ್ಷೆಯಲ್ಲಿ ಒಂದು ವರ್ಷ ಕಡಿಮೆ ಬಿದ್ದಿದೆ ಎಂದು ಸೊಸೆ ಕಂಡುಹಿಡಿದಳು ನೋಡಿ, ರಂಪ ಶುರುವಾಯಿತು. ಹಳೆಯ ಕಾಲಕ್ಕೆ ಇವರು ನೆಚ್ಚಿಕೊಂಡದ್ದು ಒಂದೇ ಒಂದು ಮುದಿ ಮರವನ್ನು. ಭಾರೀ ಚಳಿಯ ವರ್ಷವೊಂದರಲ್ಲಿ ಆ ಮರ ಗೆರೆಯನ್ನೇ ಹಾಕಿರಲಿಲ್ಲ. ನೆರೆಯ ಮರಗಳು ಹಾಕಿದ್ದವು. ಹಾಗಾಗಿ ಅದಕ್ಕೂ ಹಿಂದಿನ ವರ್ಷಗಳೆಲ್ಲ ಒಂದೊಂದು ಮಣೆ ಸರಿದು ಕೂತಿವೆ. ತಿದ್ದುಪಡಿಯ ಕಾಗದ ಇವರ ಸಹಿಯೊಂದಿಗೆ, ಹಳೆಯ ನಕ್ಷೆ ಅಚ್ಚಾಗಿದ್ದ ಪತ್ರಿಕೆಯ ಸಂಪಾದಕರಿಗೆ ಹೋಗಬೇಕು. ಅದು ಹೋಗದೆ ಸೊಸೆಯ ಹೊಸ ನಕ್ಷೆ ಅಚ್ಚಾಗುವಂತಿಲ್ಲ.

ಹೊದಿಕೆ ಮಡಚಿಟ್ಟು ಇಬ್ಬರೂ ಊಟದ ಮೇಜಿನ ಹತ್ತಿರ ಹೋದೆವು. ಇವರು ಕಾಗದದ ಮೇಲೆ ಭೂತಗನ್ನಡಿ ಹಿಡಿದು ಕೂತಿದ್ದರು.

"ಏನಮ್ಮಾ, 'ಎಣಿಕೆ ತಪ್ಪಾಗಿದೆ' ಅಂತ ಬರೆದಿದ್ದೀಯಲ್ಲ? ಕಡ್ಡಿ ತಗೊಂಡು ಬಾ. ಇರೋ ಗೆರೆ ಒಂದನ್ನಾದ್ರೂ ಬಿಟ್ಟಿದ್ರೆ ನನ್ನ ಕಿವಿ ಹಿಂಡು."

"ಇರೋದನ್ನ ಬಿಟ್ಟಿಲ್ಲ ಮಾವ, ಇಲ್ಲದ್ದನ್ನ ಬಿಟ್ಟಿದ್ದೀರ."

"ಇಲ್ಲದ್ದನ್ನ ಎಣಿಸೋಕೆ ನಾನೇನು ರಾಜಕಾರಣಿಯಾ?"

ಸೊಸೆ ಉಸಿರೆಳೆದುಕೊಂಡಳು. "ಈಚಿನ ಗೆರೆಗಳಿಗೇನೂ ಆಗಿಲ್ಲ ಮಾವ. ಬಿಸಿ ಏರಿದ್ದು ಏರಿದ್ದೇ. ಆದ್ರೆ ತಪ್ಪನ್ನ ನಾವೇ ಹೇಳದೆ ಇದ್ರೆ, ಬಿಸಿ ಏರೇ ಇಲ್ಲ ಅನ್ನೋರು 'ಒಂದೇ ಮನೇಲಿ ಎರಡು ಲೆಕ್ಕ, ಬಿಸಿ ಏರಿದ್ದೂ ಬುರುಡೆ' ಅಂತ ನಮ್ಮ ಉಂಗುರ ಹಿಡ್ಕೊಂಡೇ ಡಂಗುರ ಹೊಡೀತಾರೆ."

ಮೇಜಿನ ಆಚೆ ತುದಿಯಲ್ಲಿ ಕೂತಿದ್ದ ಮಗನ ಕಡೆ ತಿರುಗಿದೆ. "ನೀನಾದ್ರೂ ಏನಾದ್ರೂ ಹೇಳೋ."

"ನಾನು ಹಲ್ಲಿನ ಡಾಕ್ಟ್ರು ಕಣಮ್ಮಾ. ಬಾಯಿ ತೆರೆಸೋದು ಗೊತ್ತು, ಮುಚ್ಚಿಸೋದು ಗೊತ್ತಿಲ್ಲ."

ಸರಿ, ನಾನೇ ಕೂತೆ. "ರೀ, 'ಎಣಿಕೆ ತಪ್ಪಾಗಿದೆ' ಬೇಡ. 'ಗೆರೆ ತಪ್ಪಿಸಿಕೊಂಡಿದೆ' ಅಂತ ಬರೀರಿ. ಹುಡುಗ ಶಾಲೆ ತಪ್ಪಿಸಿಕೊಂಡ್ರೆ ಹಾಜರಿ ಕೂಗಿದ ಮೇಷ್ಟ್ರದ್ದೇನು ತಪ್ಪು?"

ಇವರ ಮುಖ ಅರಳಿತು. ಸೊಸೆ ಅವರ ಮನಸ್ಸು ಬದಲಾಗುವ ಮೊದಲೇ ತಿದ್ದಿ, ಪೆನ್ನು ಕೈಗಿತ್ತಳು. ಪೆನ್ನಿನ ಮೊನೆ ಕಾಗದಕ್ಕೆ ತಾಗಿತು. ತಾಗಿ, ಅಲ್ಲೇ ನಿಂತಿತು.

"ಇದು ಮರದ ಮೇಲೆ ಗೂಬೆ ಕೂರಿಸಿದ ಹಾಗಾಯ್ತಲ್ಲೇ."

"ಗೂಬೆ ಮರದ ಮೇಲೆ ಕೂರದೆ ಇನ್ನೆಲ್ಲಿ ಕೂರುತ್ತಪ್ಪಾ?" ಎಂದ ಮಗ.

ಇವರು ನಗಲಿಲ್ಲ. "ಬೇಸಿಗೇನೇ ಬಾರದ ವರ್ಷ ಅದು. ಆ ಮುದಿ ಜೀವ ಉಸಿರು ಬಿಗಿ ಹಿಡಿದು ಬದುಕ್ಕೊಂಡಿದೆ. ಅದನ್ನ ಶಾಲೆಗೆ ಚಕ್ಕರ್ ಹೊಡೆದ ಹುಡುಗ ಅಂತ ಬರೀಲಾ? ಹುಡುಗ ಬರಲಿಲ್ಲ ಅಂದ್ರೆ ಮೇಷ್ಟ್ರು ಪಕ್ಕದವರನ್ನ ಕೇಳ್ಬೇಕು. ನಾನು ಕೇಳಲಿಲ್ಲ."

ನನ್ನ ಚೆಂದದ ಮಾತಿಗೆ ಅಡ್ಡಗೆರೆ ಬಿತ್ತು. ಅದರ ಕೆಳಗೆ ಗುಂಡಗೆ ಬರೆದರು: 'ಆ ವರ್ಷ ಮರ ಗೆರೆ ಹಾಕಲಿಲ್ಲ. ನೆರೆಯ ಮರಗಳೊಂದಿಗೆ ಹೋಲಿಸಿ ನೋಡದೆ ಇದ್ದದ್ದು ನನ್ನ ತಪ್ಪು.' ಸಹಿ ಹಾಕಿ ಕಾಗದವನ್ನು ಸೊಸೆಯ ಮುಂದೆ ಸರಿಸಿದರು. ಅವಳು ಅದನ್ನು ಎರಡೆರಡು ಸಲ ಓದಿದಳು.

"ಯಾಕಮ್ಮಾ, ಕಾಗುಣಿತ ಸರಿಯಿಲ್ವಾ?"

"ಸರಿಯಿದೆ ಮಾವ."

ಲಕೋಟೆ ಅಂಟಿಸಿ, ಅವಸರದಲ್ಲಿ ಮಗನ ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟರು. ಸೊಸೆಯೂ ನಾನೂ ಹಿಂದೆ ಓಡಿದೆವು. ಬೀದಿ ತಿರುವಿನ ಅಂಚೆ ಡಬ್ಬಿಯ ಬಾಯಿ ಕಿರಿದು. ಲಕೋಟೆ ಅರ್ಧ ಹೋಗಿ ಸಿಕ್ಕಿಕೊಂಡಿತು. ಸೊಸೆ ಕೈ ಚಾಚಲಿಲ್ಲ, ನಾನೂ ಚಾಚಲಿಲ್ಲ. ಇವರು ಅಂಗೈಯಿಂದ ಒಮ್ಮೆ ತಟ್ಟಿದರು. ಕಾಗದ ಒಳಗೆ ಬಿತ್ತು.