ಹನಿ ಹಾಕುವಾಗ ಸಿಸ್ಟರ್ ಹೇಳುವ ಮಾತು

ಡೈರಿಗೆ ಹಳೆಯ ವಾರಪತ್ರಿಕೆಯ ಮುಖಪುಟ ಹೊದಿಸಿಬಿಟ್ಟರೆ ಯಾರೂ ಅದರ ತಂಟೆಗೆ ಬರುವುದಿಲ್ಲ ಎಂದು ಗುಬ್ಬಿ ಉಪಾಯ ಮಾಡಿದ್ದಳು. ಮನೆಯಲ್ಲಿ ಆ ಉಪಾಯ ಚೆನ್ನಾಗಿಯೇ ನಡೆದಿತ್ತು. ತಮ್ಮ ಅದರ ಮೇಲೆ ಲೋಟ ಇಟ್ಟು ಉಂಗುರದ ಗುರುತು ಮಾಡಿದ್ದನೇ ಹೊರತು ಒಂದು ದಿನವೂ ತೆರೆದಿರಲಿಲ್ಲ. ಆದರೆ ವಾರಪತ್ರಿಕೆ ಕಂಡರೆ ಕೈ ಹಾಕಲೇಬೇಕು ಅನ್ನುವಷ್ಟು ಬೇಜಾರು ಹಿಡಿಸುವ ಜಾಗವೂ ಒಂದಿದೆ, ಅಲ್ಲಿಯೇ ತನ್ನ ಕೆಲಸ ಎಂಬುದು ಅವಳಿಗೆ ಹೊಳೆದಿರಲಿಲ್ಲ.

ಡಿಗ್ರಿ ಮುಗಿಸಿ ಎಂಟು ತಿಂಗಳಿಂದ ಅವಳು ಒಂದು ಸಣ್ಣ ಕಣ್ಣಿನ ಆಸ್ಪತ್ರೆಯಲ್ಲಿ ಚೀಟಿ ಬರೆಯುತ್ತಿದ್ದಳು. ಸರದಿ ಕೂಗಿದರೆ ಅವಳ ದನಿ ಎರಡನೆಯ ಸಾಲಿನ ಕುರ್ಚಿ ದಾಟುತ್ತಿರಲಿಲ್ಲ. ಅದಕ್ಕೇ ಅಲ್ಲಿನ ಸಿಸ್ಟರ್ ಅವಳಿಗೆ ಗುಬ್ಬಿ ಎಂದು ಹೆಸರಿಟ್ಟಿದ್ದು. ಬಾಯಿಂದ ಹೊರಡದ ಮಾತೆಲ್ಲ ಡೈರಿಗೆ ಹೋಗುತ್ತಿತ್ತು. ಆ ದಿನ ಬೆಳಿಗ್ಗೆ ಮೇಜು ಒರೆಸುವಾಗ ಡೈರಿಯನ್ನು ಪತ್ರಿಕೆ ಇಡುವ ಟೀಪಾಯಿಯ ಮೇಲೆ ಇಟ್ಟಳು, ಫೋನು ಬಡಿದುಕೊಂಡಿತು, ಮರೆತಳು.

ಹತ್ತೂವರೆಯ ಹೊತ್ತಿಗೆ ಹೊರಗಿನ ಕೋಣೆಯಲ್ಲಿ ಐದಾರು ಮಂದಿ ಕಣ್ಣು ಮುಚ್ಚಿ ಕೂತಿದ್ದರು. ಡಾಕ್ಟರು ಕಣ್ಣಿನ ಒಳಗೆ ನೋಡಬೇಕಾದರೆ ಮೊದಲು ಪಾಪೆ ಅಗಲವಾಗಬೇಕು. ಅದಕ್ಕೆ ಸಿಸ್ಟರ್ ಹತ್ತು ನಿಮಿಷಕ್ಕೊಮ್ಮೆ ಬಂದು ಹನಿ ಹಾಕುತ್ತಾರೆ. ಅಲ್ಲಿಯತನಕ ಕಣ್ಣು ಬಿಡುವಂತಿಲ್ಲ, ಓದುವಂತಿಲ್ಲ, ಎದುರಿನವರ ಸೀರೆ ಅಂಗಿ ನೋಡಿ ಹೊತ್ತು ಕಳೆಯುವಂತಿಲ್ಲ. ಇನ್ನೂ ಹನಿ ಬೀಳದೆ ಉಳಿದಿದ್ದವರು ನಿವೃತ್ತ ಮೇಷ್ಟ್ರೊಬ್ಬರೇ. ಪಕ್ಕದಲ್ಲಿ ಅವರ ಹೆಂಡತಿ, ತಲೆ ಹಿಂದಕ್ಕೆ ಆನಿಸಿ ಕೂತಿದ್ದರು.

"ಸುಮ್ನೆ ಕೂತು ಕಾಲು ಅಲ್ಲಾಡಿಸ್ಬೇಡಿ. ಏನಾದ್ರೂ ಓದಿ, ನಮಗೂ ಹೊತ್ತು ಹೋಗುತ್ತೆ" ಎಂದರು ಹೆಂಡತಿ.

ಮೇಷ್ಟ್ರು ಕೈಗೆ ಸಿಕ್ಕಿದ್ದನ್ನು ಎತ್ತಿಕೊಂಡರು. ಕನ್ನಡಕವನ್ನು ಹಣೆಗೇರಿಸಿ, ಇಳಿಸಿ, ಮತ್ತೆ ಏರಿಸಿದರು. "ನೋಡು, ಕೈಬರಹದ ಥರಾನೇ ಅಚ್ಚು ಹಾಕ್ಸಿದ್ದಾರೆ. ಈಗೆಲ್ಲ ಇದೇ ಫ್ಯಾಶನ್ನು!"

ಗುಬ್ಬಿ ತಲೆಯೆತ್ತಿ ನೋಡಿದಳು. ಮೇಷ್ಟ್ರ ಕೈಯಲ್ಲಿದ್ದದ್ದು ಅವಳ ಡೈರಿ. ಎದ್ದು ಹೋಗಿ "ಅದು ನನ್ನದು" ಎನ್ನುವುದಕ್ಕೆ ಮೂರೇ ಹೆಜ್ಜೆ, ಎರಡೇ ಮಾತು. ಎರಡೂ ಅವಳಿಂದಾಗಲಿಲ್ಲ.

ಮೇಷ್ಟ್ರು ಪಾಠದ ದನಿಯಲ್ಲಿ ಶುರು ಮಾಡಿದರು. "'ಅಪ್ಪನಿಗೆ ಯಾವುದರ ಮೇಲೂ ನಂಬಿಕೆಯಿಲ್ಲ. ಆದರೆ ಹೊರಡುವಾಗ ಯಾರಾದರೂ ಸೀನಿದರೆ ಚಪ್ಪಲಿ ಬಿಟ್ಟು ಒಳಗೆ ಬಂದು ಒಂದು ಲೋಟ ನೀರು ಕುಡಿದೇ ಹೋಗುತ್ತಾರೆ. ಕೇಳಿದರೆ ಬಾಯಾರಿಕೆ ಅನ್ನುತ್ತಾರೆ. ಸೀನಿಗೂ ಬಾಯಾರಿಕೆಗೂ ಅದೇನು ನಂಟೋ.'"

ಮೂಲೆಯಲ್ಲಿದ್ದ ಬಸ್ ಡ್ರೈವರು ಕಣ್ಣು ಮುಚ್ಚಿಕೊಂಡೇ ಗಹಗಹಿಸಿ ನಕ್ಕ. "ಯಾರ್ರೀ ಬರ್ದಿದ್ದು? ನಮ್ಮಪ್ಪನ್ನ ನೋಡ್ಕೊಂಡೇ ಬರ್ದಂಗಿದೆ."

"'ಮೇಲಿನ ಮನೆಯಲ್ಲಿ ಜಗಳವಾದರೆ ನಮ್ಮ ಓಣಿಯ ಹೆಂಗಸರೆಲ್ಲ ಮರ್ಯಾದೆಗೆ ಕಿಟಕಿ ಮುಚ್ಚುತ್ತಾರೆ. ಚಿಲಕ ಮಾತ್ರ ಯಾರೂ ಹಾಕುವುದಿಲ್ಲ.'"

"ಇವಳನ್ನೇ ಬರ್ದಿದ್ದಾರೆ" ಎಂದು ಮೇಷ್ಟ್ರು ಹೆಂಡತಿಯ ಕಡೆ ಕೈ ತೋರಿಸಿದರು. ನೋಡುವವರು ಯಾರೂ ಇರಲಿಲ್ಲ.

"ಕೈ ತೋರಿಸಿದ್ದು ಗೊತ್ತಾಯ್ತು, ಓದಿ ಮುಂದೆ" ಎಂದರು ಹೆಂಡತಿ.

ಕೋಣೆ ನಕ್ಕಿತು. ತಾನು ಒಬ್ಬಳೇ ಕೂತು ಬರೆದ ಸಾಲಿಗೆ ಇಷ್ಟು ಜನ ಒಟ್ಟಿಗೆ ನಗುವುದನ್ನು ಗುಬ್ಬಿ ಬಾಯಿ ಬಿಟ್ಟುಕೊಂಡು ನೋಡಿದಳು. ಹೆದರಿಕೆ ಹೋಗಿರಲಿಲ್ಲ. ಆದರೆ ಯಾವ ಸಾಲಿಗೆ ನಗುತ್ತಾರೆ, ಯಾವುದಕ್ಕೆ ಸುಮ್ಮನಾಗುತ್ತಾರೆ ಎಂಬ ಕುತೂಹಲ ಹೆದರಿಕೆಯ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತಿತ್ತು.

ಅಷ್ಟರಲ್ಲಿ ಸಿಸ್ಟರ್ ಬಂದು ಮೇಷ್ಟ್ರ ತಲೆಯನ್ನು ಹಿಂದಕ್ಕೆ ಬಾಗಿಸಿದರು. ಅವರ ತುಟಿ ಎಂದಿನಂತೆ ಏನೋ ಗುನುಗಿತು, ಹನಿ ಬಿತ್ತು. "ಇನ್ನು ಕಣ್ಣು ಬಿಡ್ಬೇಡಿ ಮೇಷ್ಟ್ರೇ."

"ಪುಸ್ತಕ ಯಾರ್ ಓದ್ತಾರೆ ಮತ್ತೆ? ಚೀಟಿ ಹುಡುಗಿ ಇದಾಳಲ್ಲ, ಅವಳ ಕೈಗೆ ಕೊಡಿ."

ಸಿಸ್ಟರೇ ತಂದುಕೊಟ್ಟರು. "ಓದೇ ಗುಬ್ಬಿ. ಒಳಗೆ ಬಾಟ್ಲಿ ಜೋಡಿಸ್ತಾ ನಾನೂ ಕೇಳಿಸ್ಕೋತೀನಿ."

ಡೈರಿ ಕೈಗೆ ಬಂದಿತ್ತು. ಸುಮ್ಮನೆ ಚೀಲದೊಳಗೆ ತುರುಕಿದ್ದರೂ ಯಾರಿಗೂ ಕಾಣುತ್ತಿರಲಿಲ್ಲ. ಆದರೆ ಒಂದೇ ಒಂದು ಕಣ್ಣೂ ತನ್ನನ್ನು ನೋಡದ ಕೋಣೆ ಇನ್ನೊಮ್ಮೆ ಎಲ್ಲಿ ಸಿಕ್ಕೀತು? ಅವಳು ಓದಿದಳು. ಮೊದಲ ಸಾಲು ತಡವರಿಸಿತು, ಎರಡನೆಯದು ನೆಟ್ಟಗಾಯಿತು. ಮೂರನೆಯದಕ್ಕೆ ಡ್ರೈವರು, "ಈ ಗಂಟಲು ಇಷ್ಟು ದಿನ ಎಲ್ಲಿ ಅಡಗಿಸಿಟ್ಟಿದ್ದೆ ತಂಗೀ?" ಎಂದ. ಆ ಮಾತಿಗೆ ಉಬ್ಬಿಹೋಗಿ, ಮುಂದಿನ ಪುಟದಲ್ಲಿ ಏನಿದೆಯೆಂದು ನೋಡದೆ ಮಗುಚಿ, ಓದಿಯೇಬಿಟ್ಟಳು.

"'ನಮ್ಮಲ್ಲಿ ಹನಿ ಹಾಕುವ ಅಕ್ಕನ ಕೈಗುಣ ದೊಡ್ಡದು ಅನ್ನುತ್ತಾರೆ. ಹಾಕುವಾಗ ಏನೋ ಮಂತ್ರ ಹೇಳುತ್ತಾರಂತೆ. ಅದೇನೆಂದು ನಾನು ಪತ್ತೆ ಮಾಡಿದ್ದೇನೆ.'"

ಮುಂದಿನ ಸಾಲು ಕಣ್ಣಿಗೆ ಬಿದ್ದು ಅಲ್ಲಿಗೇ ನಿಲ್ಲಿಸಿದಳು.

"ಅಯ್ಯೋ, ಇದು ನಮ್ಮ ಸಿಸ್ಟರ್ ಕಥೆ!" ಎಂದರು ಮೇಷ್ಟ್ರ ಹೆಂಡತಿ, ನೆಟ್ಟಗೆ ಕೂತು. "ನಾಲ್ಕು ವರ್ಷದಿಂದ ಕೇಳ್ತಿದೀನಿ, ನಕ್ಕು ಸುಮ್ನಾಗ್ತಾರೆ. ಏನಂತೆ ಅದು? ಓದೇ."

"ಹಾಗಾದ್ರೆ ಇದು ಪತ್ರಿಕೆ ಅಲ್ವಾ?" ಎಂದರು ಮೇಷ್ಟ್ರು ನಿಧಾನವಾಗಿ.

ಒಳಬಾಗಿಲಲ್ಲಿ ಸಿಸ್ಟರ್ ಬಂದು ನಿಂತಿದ್ದರು. ಆ ಕೋಣೆಯಲ್ಲಿ ತೆರೆದಿದ್ದದ್ದು ಎರಡೇ ಜೊತೆ ಕಣ್ಣು, ಅವರದ್ದು ಮತ್ತು ಗುಬ್ಬಿಯದ್ದು.

ಗುಬ್ಬಿ ಒಂದು ಮಂತ್ರ ಕಟ್ಟಿ ಹೇಳಿಬಿಡಬಹುದಿತ್ತು. ಕೂತವರೆಲ್ಲ ನಂಬುತ್ತಿದ್ದರು, ಸಂತೋಷವನ್ನೂ ಪಡುತ್ತಿದ್ದರು. ಅದು ಸುಳ್ಳೆಂದು ತಿಳಿಯುವುದು ಒಬ್ಬರಿಗೇ, ಆ ಒಬ್ಬರು ಎದುರಿಗೇ ನಿಂತಿದ್ದರು. ನಿಜ ಓದಿದರೆ ಜನರ ನಂಬಿಕೆ ಹೋಗುತ್ತದೆ. ಈ ಆಸ್ಪತ್ರೆಯಲ್ಲಿ ತನ್ನನ್ನು ಕರೆದು ಮಾತಾಡಿಸುವ ಒಂದೇ ಜೀವವೂ ಹೋಗುತ್ತದೆ.

"ಯಾಕೆ ನಿಲ್ಲಿಸ್ದೆ? ಓದು. ಏನ್ ಪತ್ತೆ ಮಾಡಿದ್ದೀಯ ಅಂತ ನಂಗೂ ಗೊತ್ತಾಗ್ಲಿ" ಎಂದರು ಸಿಸ್ಟರ್. ದನಿಯಲ್ಲಿ ಸಿಟ್ಟೂ ಇರಲಿಲ್ಲ, ಸಲಿಗೆಯೂ ಇರಲಿಲ್ಲ.

ಗುಬ್ಬಿ ಓದಿದಳು. "'ಪರದೆಯ ಹಿಂದೆ ನಿಂತು ಕದ್ದು ಕೇಳಿದೆ. ಮಂತ್ರವೂ ಇಲ್ಲ ಗಿಂತ್ರವೂ ಇಲ್ಲ. ಎಡಗಣ್ಣಾದರೆ ಎಡಗಣ್ಣು, ಎಡಗಣ್ಣು ಅಂತಲೂ ಬಲಗಣ್ಣಾದರೆ ಬಲಗಣ್ಣು, ಬಲಗಣ್ಣು ಅಂತಲೂ ಹೇಳಿಕೊಳ್ಳುತ್ತಾರೆ. ಅಕ್ಕನಿಗೆ ಎಡ ಬಲ ಗೊತ್ತಾಗುವುದಿಲ್ಲ.'"

ಡ್ರೈವರನ ಕೈ ಮೆಲ್ಲಗೆ ಮುಖದತ್ತ ಹೋಗಿ, ಯಾವ ಕಣ್ಣು ತಣ್ಣಗಿದೆ ಎಂದು ತಡವಿ ನೋಡಿತು. "ಸಿಸ್ಟರೇ, ನಂದು ಸರಿಯಾದ ಕಣ್ಣೇ ತಾನೆ?" ತಮಾಷೆಗೆಂದು ಹೊರಟ ಮಾತು ಅರ್ಧ ದಾರಿಯಲ್ಲಿ ತಮಾಷೆಯಾಗಿ ಉಳಿಯಲಿಲ್ಲ.

ಸಿಸ್ಟರ್ ಒಳಗೆ ಹೋದರು.

"ಸುಮ್ನಿರಪ್ಪ" ಎಂದರು ಮೇಷ್ಟ್ರ ಹೆಂಡತಿ. "ನಾಲ್ಕು ವರ್ಷದಲ್ಲಿ ನಂಗೆ ಒಂದ್ ಸಲನೂ ತಪ್ಪಿಲ್ಲ. ಗೊತ್ತಾಗಲ್ಲ ಅಂತ ಗೊತ್ತಿರೋಳು ಹತ್ತು ಸಲ ನೋಡಿ ಹಾಕ್ತಾಳೆ." ಮತ್ತೆ, "ಆದ್ರೂ ಮಂತ್ರ ಇದ್ದಿದ್ರೆ ಚೆನ್ನಾಗಿತ್ತು" ಎಂದರು.

ಗುಬ್ಬಿ ಒಳಗೆ ಹೋದಾಗ ಸಿಸ್ಟರ್ ಬಾಟಲಿಗಳನ್ನು ಸಾಲಾಗಿ ಇಡುತ್ತಿದ್ದರು. ಸಾಲು ಆಗಲೇ ಸರಿಯಾಗಿತ್ತು.

"ತಪ್ಪಾಯ್ತು ಅಕ್ಕ."

"ತಪ್ಪು ಓದಿದ್ದಲ್ಲ. ಓದ್ದೇ ಸುಳ್ಳು ಹೇಳಿದ್ರೆ ಬೈತಿದ್ದೆ. ಪರದೆ ಹಿಂದೆ ನಿಂತು ಕೇಳಿಸ್ಕೊಂಡ್ಯಲ್ಲ, ಬಾಯ್ಬಿಟ್ಟು ಕೇಳಿದ್ರೆ ನಾನೇನು ನುಂಗಿಬಿಡ್ತಿದ್ನಾ? ಅಲ್ಲಾ, ಗೊತ್ತಾಗಲ್ಲ ಅಂತ ಬರ್ಕೊಂಡೆ. ಯಾಕೆ ಗೊತ್ತಾಗಲ್ಲ ಅಂತ ಬರ್ದಿದ್ಯಾ?"

ಗುಬ್ಬಿ ಇಲ್ಲವೆಂದು ತಲೆಯಾಡಿಸಿದಳು.

ಸಿಸ್ಟರ್ ಒಂದು ಬಾಟಲಿ ಎತ್ತಿ ಹನಿ ಹಾಕುವಂತೆ ಗಾಳಿಯಲ್ಲಿ ಹಿಡಿದರು. ಹಿಡಿದದ್ದು ಎಡಗೈಯಲ್ಲಿ. "ಹುಟ್ಟಿನಿಂದ ಇದೇ ನನ್ನ ಕೈ. ಚಿಕ್ಕೋಳಿದ್ದಾಗ ಈ ಕೈಲಿ ಏನು ಮುಟ್ಟಿದ್ರೂ ಕೆಡುತ್ತೆ ಅಂತ ನಮ್ಮತ್ತೆ, ಅಪ್ಪನ ಅಕ್ಕ, ಇದನ್ನ ಸೊಂಟಕ್ಕೆ ಬಟ್ಟೇಲಿ ಕಟ್ಟಿಹಾಕ್ತಿದ್ಲು. ಎರಡು ವರ್ಷ. ಬರೆಯೋದು, ತಿನ್ನೋದು ಎಲ್ಲ ಬಲಗೈಗೆ ಬಂತು. ಆದ್ರೆ ಎಡ ಯಾವುದು ಬಲ ಯಾವುದು ಅನ್ನೋದು ತಲೇಲಿ ಅವತ್ತು ಕಲಸಿಹೋಗಿದ್ದು, ಇವತ್ತಿಗೂ ಬೇರೆ ಆಗಿಲ್ಲ."

ಎಂಟು ತಿಂಗಳಿಂದ ಅಕ್ಕನ ತುಟಿಯನ್ನೇ ನೋಡಿಕೊಂಡು ಬಂದಿದ್ದ ಗುಬ್ಬಿ ಒಂದು ದಿನವೂ ಕೈ ನೋಡಿರಲಿಲ್ಲ. ಡೈರಿ ಅವಳ ಕಂಕುಳಲ್ಲಿತ್ತು. ಅದನ್ನು ತೆರೆಯಬೇಕೆಂದು ಅನ್ನಿಸಲಿಲ್ಲ. ಕೇಳಬೇಕೆಂದು ಅನ್ನಿಸಿತು.

"ಅಕ್ಕ, ಆ ಬಟ್ಟೆ ಬಿಚ್ಚಿದ್ದು ಯಾರು?"

"ಹಾಂ! ಹೀಗೆ ಕೇಳ್ಬೇಕು ನೋಡು" ಎಂದು ಸಿಸ್ಟರ್ ಕಾಲಿನಿಂದ ಸ್ಟೂಲೊಂದನ್ನು ಅವಳತ್ತ ತಳ್ಳಿದರು.

ಹೊರಗಿನಿಂದ ಡ್ರೈವರು ಕೂಗಿದ. "ಸಿಸ್ಟರೇ, ಕಣ್ಣು ಬಿಡ್ಬಹುದಾ?"

"ಇನ್ನೂ ಐದು ನಿಮಿಷ ಮುಚ್ಕೊಂಡಿರಿ!" ಎಂದು ಕೂಗಿ ಹೇಳಿ, ಸಿಸ್ಟರ್ ಬಾಟಲಿ ಕೆಳಗಿಟ್ಟು ಮಾತು ಶುರು ಮಾಡಿದರು.