ಮೇಘನಾಳ ಹಿಮ್ಮಡಿ

ಮಕ್ಕಳನ್ನು ಬೈಕಿನ ಹಿಂದೆ ಕೂರಿಸಿಕೊಂಡು ಹೋಗುವುದು ನಮ್ಮ ಕಡೆ ಯಾರಿಗೂ ಹೊಸದಲ್ಲ. ಶಾಲೆಗೆ, ಸಂತೆಗೆ, ನೆಂಟರ ಮನೆಗೆ, ಎಲ್ಲಕ್ಕೂ ಬೈಕೇ. ಮಗು ಗಟ್ಟಿಯಾಗಿ ಹಿಡಿದುಕೊಂಡಿದೆಯಾ ಎಂದು ನೋಡುತ್ತೇವೆ. ಅದರ ಕಾಲು ಎಲ್ಲಿದೆ ಎಂದು ನೋಡುವುದಿಲ್ಲ. ಮೂಗೂರಿನ ಬಸವೇಶ್ ಕೂಡ ನೋಡಿರಲಿಲ್ಲ.

ಬಸವೇಶ್ ಮತ್ತು ಶಾಂತಿಗೆ ಒಬ್ಬಳೇ ಮಗಳು, ಮೇಘನಾ. ಒಂಬತ್ತು ವರ್ಷ, ನಾಲ್ಕನೇ ತರಗತಿ. ಮನೆಯಲ್ಲಿ ಬಸವೇಶನ ತಾಯಿ ದೇವೀರಮ್ಮ ಇದ್ದಾರೆ. ಎರಡು ಹಸು, ಒಂದಿಷ್ಟು ಭತ್ತದ ಗದ್ದೆ. ಶಾಂತಿ ಇರುವ ಮಹಿಳಾ ಸಂಘದವರು ಆ ಸಲ ಮಕ್ಕಳು, ಮನೆಯವರನ್ನೆಲ್ಲ ಕರೆದುಕೊಂಡು ಮೈಸೂರಿನ ಹೊರಗಿರುವ ಒಂದು ಥೀಮ್ ಪಾರ್ಕಿಗೆ ಹೋಗುವುದೆಂದು ಮಾತಾಡಿಕೊಂಡಿದ್ದರು. ಭಾನುವಾರಕ್ಕೆ ಬಸ್ಸು ಗೊತ್ತುಮಾಡಿ ಆಗಿತ್ತು. ಒಂದು ತಿಂಗಳಿಂದ ಮೇಘನಾಳ ಬಾಯಲ್ಲಿ ಅದೇ ಮಾತು. ಅಲ್ಲಿ ಅಲೆ ಬರುವ ಕೊಳ ಇದೆಯಂತೆ, ಥೇಟ್ ಸಮುದ್ರದ ಹಾಗೇ ಇರುತ್ತದಂತೆ. ಸಮುದ್ರವನ್ನು ಅವಳು ಕಂಡಿರಲಿಲ್ಲ. ಕಂಡ ನೀರೆಂದರೆ ಊರ ನಾಲೆಯದು ಮತ್ತು ನರಸೀಪುರದ ಹೊಳೆಯದು.

ನೀರಿಗೆ ಇಳಿಯಬೇಕಾದರೆ ನೈಲಾನ್ ಬಟ್ಟೆಯೇ ಬೇಕು ಎಂದು ಯಾರೋ ಹೇಳಿದರು. ಗುರುವಾರ ಶಾಲೆ ಬಿಟ್ಟ ಮೇಲೆ ಬಸವೇಶ್ ಮಗಳನ್ನು ನರಸೀಪುರಕ್ಕೆ ಕರೆದೊಯ್ದು ನೀಲಿ ಬಣ್ಣದ ಬಟ್ಟೆ ಕೊಡಿಸಿದ. ವಾಪಸ್ಸು ಬರುವಾಗ ಮೇಘನಾ ಬಟ್ಟೆಯ ಚೀಲ ತಬ್ಬಿಕೊಂಡು, ಎರಡೂ ಕಾಲನ್ನು ಒಂದೇ ಕಡೆ ಇಳಿಬಿಟ್ಟು ಕೂತಿದ್ದಳು. ಕಾಲಲ್ಲಿ ಸಡಿಲವಾದ ಹವಾಯಿ ಚಪ್ಪಲಿ. ಹಿಂದಿನ ಚಕ್ರಕ್ಕೆ ಸೀರೆ ಸಿಕ್ಕದಿರಲೆಂದು ಕಂಬಿಯ ಗಾರ್ಡು ಇರುತ್ತದಲ್ಲ, ಮೇವಿನ ಹೊರೆ ಕಟ್ಟಲು ಅಡ್ಡವಾಗುತ್ತದೆಂದು ಬಸವೇಶ್ ಅದನ್ನು ಬಿಚ್ಚಿಸಿ ವರ್ಷದ ಮೇಲಾಗಿತ್ತು.

ನಾಲೆ ಸೇತುವೆಯ ಹತ್ತಿರ ಗುಂಡಿ ತಪ್ಪಿಸಲು ಹೋಗಿ ಬೈಕು ಓಲಾಡಿತು. ಮೇಘನಾಳ ಚಪ್ಪಲಿ ಜಾರಿತು. ಅದು ಬಿದ್ದೀತೆಂದು ಅವಳು ಕಾಲನ್ನು ಒಳಕ್ಕೆ ಎಳೆದುಕೊಂಡಳು. ಹಿಮ್ಮಡಿ ಚಕ್ರದ ಕಡ್ಡಿಗಳ ನಡುವೆ ಸಿಕ್ಕಿಕೊಂಡಿತು. ಬೈಕು ಗಕ್ಕನೆ ನಿಂತಿತು. ಬಸವೇಶ್ ಗಾಬರಿಯಲ್ಲಿ ಇಳಿದು, ಕಾಲನ್ನು ಜೋರಾಗಿ ಎಳೆದು ಬಿಡಿಸಿದ.

ಹಿಮ್ಮಡಿಯ ಮೇಲ್ಗಡೆ ಹುಣಸೆ ಬೀಜದಷ್ಟು ಚರ್ಮ ಕಿತ್ತಿತ್ತು. ರಕ್ತ ಹೆಚ್ಚು ಬಂದಿರಲಿಲ್ಲ. ಸುತ್ತ ಕೆಂಪಗಾಗಿತ್ತು. ಅಷ್ಟೇ ಎಂದುಕೊಂಡ ಅವನು.

ಮನೆಯಲ್ಲಿ ದೇವೀರಮ್ಮ ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡರು. "ಅಳಬ್ಯಾಡ ಕಣವ್ವ. ಕಾಪಿಪುಡಿ ಇಟ್ರೆ ರಕ್ತ ನಿಂತೋಯ್ತದೆ. ನಿಮ್ಮಪ್ಪ ಹುಲ್ಲು ಕುಯ್ಯೋವಾಗ ಕುಡ್ಲಲ್ಲಿ ಕೈ ಕೊಯ್ಕೊಂಡಾಗಲೂ ಇದನ್ನೇ ಇಟ್ಟಿದ್ದು" ಎಂದು ಗಾಯಕ್ಕೆ ಪುಡಿ ಒತ್ತಿ, ಹಳೆಯ ಸೀರೆಯ ತುಂಡು ಸುತ್ತಿದರು. ಮೇಲಿಂದ ಎಣ್ಣೆ ಹಾಕಿ ಪಾದವನ್ನು ನೀವಿದರು. ಪ್ರೀತಿಯಿಂದಲೇ ನೀವಿದರು.

ಶುಕ್ರವಾರ ಬೆಳಿಗ್ಗೆ ಕಾಲು ಊದಿಕೊಂಡಿತ್ತು. ಆಶಾ ಕಾರ್ಯಕರ್ತೆ ಹೇಮಲತಾ ಪಕ್ಕದ ಮನೆಯ ಬಾಣಂತಿಯನ್ನು ನೋಡಲು ಬಂದವರು, ಜಗಲಿಯ ಮೇಲೆ ಕೂತಿದ್ದ ಮೇಘನಾಳನ್ನು ಕಂಡು ಒಳಗೆ ಬಂದರು. ಬಟ್ಟೆ ಸರಿಸಿ ನೋಡಿದರು.

"ಯಾವಾಗ ಆಯ್ತು ಇದು?"

"ನೆನ್ನೆ ಸಂಜೆ ಕಣಕ್ಕ. ಚಕ್ರಕ್ಕೆ ಸಿಕ್ಕಾಕೊಳ್ತು" ಎಂದಳು ಶಾಂತಿ.

"ಬಸವೇಶಣ್ಣ, ಮೇಲ್ನೋಟಕ್ಕೆ ತರಚಿದಂಗೆ ಕಾಣ್ತದೆ. ಆದ್ರೆ ಚಕ್ರಕ್ಕೆ ಸಿಕ್ಕಿದ ಕಾಲು ಒಳಗೆ ಜಜ್ಜೋಗಿರ್ತದೆ. ಮೂರ್ನಾಕು ದಿನ ಆದ್ಮೇಲೆ ಚರ್ಮ ಕಪ್ಪಾಗಕ್ಕೆ ಶುರುವಾಯ್ತದೆ. ಈವತ್ತೇ ನರಸೀಪುರದ ಆಸ್ಪತ್ರೆಗೆ ಕರ್ಕೊಂಡೋಗಿ. ಎಕ್ಸ್‌ರೇ ತೆಗೀಲಿ, ಟಿ.ಟಿ. ಇಂಜೆಕ್ಷನ್ ಹಾಕ್ಬೇಕಾ ಅಂತ ನೋಡ್ಲಿ."

ಬಸವೇಶ್ ನಕ್ಕ. "ಮೂಳೆ ಮುರಿದಿದ್ರೆ ನಡೆಯಕ್ಕಾಯ್ತಿತ್ತಾ ಹೇಮಕ್ಕ? ಮೇಘನಾ, ಎದ್ದು ನಡೆದು ತೋರ್ಸು ಮಗ."

ಮೇಘನಾ ಎದ್ದಳು. ಬಾಗಿಲಿಂದ ಕೊಟ್ಟಿಗೆಯವರೆಗೆ ಹೋಗಿ ಬಂದಳು. ಬೆರಳಿನ ಮೇಲೆ ಭಾರ ಹಾಕಿ, ಹಿಮ್ಮಡಿ ನೆಲಕ್ಕೆ ತಾಗಿಸದೆ ನಡೆದಳು.

"ನೋಯ್ತದಾ?" ಅಪ್ಪ ಕೇಳಿದ.

"ಇಲ್ಲ" ಎಂದಳು. ಹಣೆಯ ಮೇಲೆ ಬೆವರಿತ್ತು. ಹೌದು ಎಂದರೆ ಭಾನುವಾರದ ಬಸ್ಸು ತನ್ನನ್ನು ಬಿಟ್ಟು ಹೋಗುತ್ತದೆ ಎಂದು ಅವಳಿಗೆ ಗೊತ್ತಿತ್ತು.

ಹೇಮಲತಾ ಆ ಬೆವರು ನೋಡಿದರು. "ಮಕ್ಕಳ ಮೂಳೆಗೆ ಬೆಳೆಯೋ ಜಾಗ ಅಂತ ಇರ್ತದೆ ಅಣ್ಣ. ಅಲ್ಲಿಗೆ ಏಟು ಬಿದ್ರೂ ಕೆಲವು ಮಕ್ಕಳು ನಡ್ಕೊಂಡೇ ಇರ್ತವೆ. ಎಕ್ಸ್‌ರೇ ಮಾಡ್ಸಿದ್ರೇನೆ ತಿಳಿಯೋದು."

"ಈಗ ಆಸ್ಪತ್ರೆಗೆ ಓದ್ರೆ ಬ್ಯಾಂಡೇಜ್ ಸುತ್ತಿ, ಮನೇಲಿ ಕೂರ್ಸಿ ಅಂತಾರೆ. ಮಗ ಒಂದು ತಿಂಗಳಿಂದ ಕಾಯ್ತಾ ಅದೆ. ಭಾನುವಾರ ಕಳೀಲಿ ಬುಡಿ, ಸೋಮವಾರ ಬೆಳಿಗ್ಗೇನೆ ಓಯ್ತೀವಿ" ಎಂದ ಬಸವೇಶ್.

ಶಾಂತಿ ಗಂಡನ ಮುಖ ನೋಡಿದಳು, ಮಗಳ ಮುಖ ನೋಡಿದಳು. ಹೇಮಲತಾ, "ಕಾಲು ನೆಲಕ್ಕೆ ಊರ್ಸಬೇಡಿ, ಎಣ್ಣೆ ನೀವಬೇಡಿ. ನಾಳೆ ಬಂದು ನೋಡ್ತೀನಿ" ಎಂದು ಹೊರಟರು. ಶನಿವಾರ ಅವರಿಗೆ ಆರೋಗ್ಯ ಕೇಂದ್ರದಲ್ಲಿ ಮೀಟಿಂಗು ಬಂತು. ಬರಲಾಗಲಿಲ್ಲ. ಮೇಘನಾ ಮನೆಯೊಳಗೆ ಬೆರಳ ಮೇಲೇ ಓಡಾಡಿಕೊಂಡಿದ್ದಳು.

ಭಾನುವಾರ ಪಾರ್ಕಿನಲ್ಲಿ ಬಸವೇಶ್ ಮಗಳನ್ನು ಹೆಗಲಿನಿಂದ ಇಳಿಸಲೇ ಇಲ್ಲ. ಎತ್ತರದಿಂದ ಜಾರುವ ಬಂಡಿ, ತಿರುಗುವ ತೊಟ್ಟಿಲು, ಎಲ್ಲವನ್ನೂ ಹೊತ್ತುಕೊಂಡೇ ತೋರಿಸಿದ. ಉಳಿದ ಮಕ್ಕಳು ಓಡಿ ಹೋಗಿ ಸಾಲಿನಲ್ಲಿ ನಿಲ್ಲುವುದನ್ನು ಮೇಘನಾ ಮೇಲಿನಿಂದ ನೋಡುತ್ತಿದ್ದಳು. ಒಂದು ಆಟದ ಹತ್ತಿರ ಬಾಗಿಲು ಕಾಯುವವನು ಕಾಲಿನ ಬಟ್ಟೆ ನೋಡಿ, "ಇಂಗಿದ್ರೆ ಬಿಡಂಗಿಲ್ಲ ಸಾ, ಫಸ್ಟ್ ಏಡ್ ರೂಮಲ್ಲಿ ತೋರ್ಸಿ" ಎಂದ.

ಅಲ್ಲಿದ್ದ ನರ್ಸ್ ಬಟ್ಟೆಯನ್ನು ನೀರು ಹಾಕಿ ನೆನೆಸಿ ಬಿಚ್ಚಿದರು. ಗಾಯದ ಸುತ್ತ ಚರ್ಮ ನೇರಳೆ ಬಣ್ಣಕ್ಕೆ ತಿರುಗಿತ್ತು.

"ಇದನ್ನ ಆಸ್ಪತ್ರೆಗೆ ತೋರಿಸಿಲ್ವಾ? ಮಗುವನ್ನ ನೀರಿಗೆ ಮಾತ್ರ ಇಳಿಸಬೇಡಿ. ಈಗಲೇ ಕರ್ಕೊಂಡು ಹೋಗಿ" ಎಂದು ಹೊಸ ಬ್ಯಾಂಡೇಜ್ ಕಟ್ಟಿದರು.

ಸಂಘದ ಮುಖ್ಯಸ್ಥೆ ಮಂಗಳಮ್ಮ ಜೊತೆಗೇ ಇದ್ದರು. "ಆಟೋ ಮಾಡ್ಕೊಂಡು ಓಗನ ನಡೀರಿ, ನಾನೂ ಬತ್ತೀನಿ" ಎಂದರು. ಬಸವೇಶ್ ಹೊರಡಲು ಎದ್ದ. ಆಗ ಮೇಘನಾ ಅವತ್ತು ಮೊದಲ ಸಲ ಅತ್ತಳು. ನೋವಿಗೆ ಅಳಲಿಲ್ಲ.

"ಅಮ್ಮ, ಅಲೆ ಒಂದೇ ಸಲ. ಆಮೇಲೆ ಓಗನ."

ಶಾಂತಿಗೆ ತಡೆಯಲಾಗಲಿಲ್ಲ. ಊಟದ ಡಬ್ಬಿ ತಂದಿದ್ದ ಪ್ಲಾಸ್ಟಿಕ್ ಕವರನ್ನು ಮಗಳ ಕಾಲಿಗೆ ಸುತ್ತಿ, ಮೇಲೆ ರಬ್ಬರ್ ಬ್ಯಾಂಡ್ ಹಾಕಿದಳು. "ಐದೇ ನಿಮಿಷ ಕಣ್ರೀ. ದಡದಲ್ಲೇ ಕೂರ್ಸ್ತೀನಿ" ಎಂದಳು ಗಂಡನಿಗೆ. ಅವನು ಬೇಡವೆನ್ನಲಿಲ್ಲ.

ಅಲೆ ಬಂತು. ಮೇಘನಾಳ ಸೊಂಟದವರೆಗೆ ನೀರು ಬಂತು, ಹೋಯಿತು, ಮತ್ತೆ ಬಂತು. ಅವಳು ಎರಡೂ ಕೈಯಲ್ಲಿ ಅಮ್ಮನ ಮುಖಕ್ಕೆ ನೀರು ಎರಚಿ ನಕ್ಕಳು. ಮನೆಯವರು ಆ ನಗುವಿಗೇ ಸೋತಿದ್ದರು. ಐದು ನಿಮಿಷ ಅರ್ಧ ಗಂಟೆಯಾಯಿತು. ಎತ್ತಿಕೊಂಡಾಗ ಕವರಿನೊಳಗೆ ನೀರು ತುಂಬಿತ್ತು, ಬ್ಯಾಂಡೇಜ್ ಪೂರ್ತಿ ನೆನೆದಿತ್ತು. ಅಷ್ಟು ಹೊತ್ತಿಗೆ ಬಸ್ಸು ಹೊರಡುವ ಸಮಯವಾಯಿತು. ನಾಳೆ ಹೇಗೂ ನರಸೀಪುರಕ್ಕೆ ಹೋಗುತ್ತೇವಲ್ಲ ಎಂದುಕೊಂಡರು.

ಸೋಮವಾರ ಬೆಳಿಗ್ಗೆ ಮೇಘನಾಳ ಮೈ ಕೆಂಡದಂತೆ ಸುಡುತ್ತಿತ್ತು. ಬ್ಯಾಂಡೇಜ್ ಬಿಚ್ಚಿದಾಗ ಬಂದ ವಾಸನೆಗೆ ದೇವೀರಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಹಿಮ್ಮಡಿಯ ಹಿಂಭಾಗ ಅಂಗೈಯಗಲ ಕಪ್ಪಾಗಿತ್ತು.

ನರಸೀಪುರದ ಆಸ್ಪತ್ರೆಯಲ್ಲಿ ಇಂಜೆಕ್ಷನ್ ಕೊಟ್ಟು, ಎಕ್ಸ್‌ರೇ ತೆಗೆದು, ಆಂಬುಲೆನ್ಸಿನಲ್ಲಿ ಮೈಸೂರಿಗೆ ಕಳುಹಿಸಿದರು. ಕಣಕಾಲಿನ ಮೂಳೆ ಬೆಳೆಯುವ ಜಾಗದಲ್ಲೇ ಬಿರುಕು ಬಿಟ್ಟಿತ್ತು. ನಡೆದು ನಡೆದು ಅದು ಸ್ವಲ್ಪ ಸರಿದಿತ್ತು ಕೂಡ. ಮೈಸೂರಿನಲ್ಲಿ ಸತ್ತ ಚರ್ಮವನ್ನೆಲ್ಲ ಕತ್ತರಿಸಿ ತೆಗೆದರು. ಮೂಳೆಗೆ ತಂತಿ ಹಾಕಿ ಕೂರಿಸಿದರು. ಎರಡು ವಾರದ ಮೇಲೆ, ತೊಡೆಯಿಂದ ಚರ್ಮ ತೆಗೆದು ಹಿಮ್ಮಡಿಗೆ ಕೂರಿಸಿದರು. ಒಂಬತ್ತು ವರ್ಷದ ಹುಡುಗಿಗೆ ಮೂರು ಸಲ ಅರಿವಳಿಕೆ ಕೊಡಬೇಕಾಯಿತು.

ಮೈಸೂರಿನ ಡಾಕ್ಟರಮ್ಮ ಬೈಯಲಿಲ್ಲ. ಬಸವೇಶ್ ತಾನೇ ಕೇಳಿದ. "ಗುರುವಾರಾನೇ ಬಂದಿದ್ರೆ ಏನಾಯ್ತಿತ್ತು ಮೇಡಂ?"

"ಚಕ್ರಕ್ಕೆ ಸಿಕ್ಕಾಗ ಜಜ್ಜಿದ ಚರ್ಮ ಸ್ವಲ್ಪ ಹೋಗ್ತಿತ್ತೇನೋ. ಆದ್ರೆ ಗಾಯ ಶುಚಿಮಾಡಿ, ಕಾಲಿಗೆ ಪಟ್ಟಿ ಹಾಕಿ ಅಲ್ಲಾಡದ ಹಾಗೆ ಇಟ್ಟಿದ್ರೆ ಕೀವಾಗೋದು ತಪ್ಪಿಸಬಹುದಿತ್ತು. ಮೂಳೆ ಸರಿಯೋದೂ ತಪ್ತಿತ್ತು. ಈಗ ಇವಳು ಬೆಳೆದು ನಿಲ್ಲೋವರೆಗೂ ವರ್ಷ ವರ್ಷ ತೋರಿಸ್ತಾ ಇರಬೇಕು. ಈ ಕಾಲು ಬೆಳೆಯೋದು ನಿಧಾನ ಆಗಬಹುದು."

ಬಸವೇಶ್ ವಾರ್ಡಿಗೆ ಬಂದು ಮಗಳ ಹಾಸಿಗೆಯ ತುದಿಯಲ್ಲಿ ಕೂತ. ಶಾಂತಿ ಮಗಳ ತಲೆ ಬಾಚುತ್ತಿದ್ದಳು. ಮೇಘನಾ ಅಪ್ಪನ ಕಡೆ ತಿರುಗಿ ಕೇಳಿದಳು.

"ಅಪ್ಪ, ನಾನು ನೋಯಲ್ಲ ಅಂತ ಸುಳ್ಳೇಳಿದ್ದಕ್ಕಾ ಇಂಗಾಗಿದ್ದು?"

ಶಾಂತಿಯ ಕೈ ನಿಂತಿತು. ಶುಕ್ರವಾರ ಹೇಮಲತಾ ಹೇಳಿದ್ದು, ಭಾನುವಾರ ನರ್ಸ್ ಹೇಳಿದ್ದು, ಮಂಗಳಮ್ಮ ಆಟೋ ಮಾಡಿಕೊಂಡು ಹೋಗೋಣ ಎಂದಿದ್ದು, ಎಲ್ಲ ಬಸವೇಶನ ಕಣ್ಣ ಮುಂದೆ ಬಂದವು. ಮೂರು ಜನ ದೊಡ್ಡವರು ಹೇಳಿದ್ದನ್ನು ಬಿಟ್ಟು ಒಂದು ಮಗು ಹೇಳಿದ್ದನ್ನು ಅವನು ನಂಬಿದ್ದ. ನಂಬಿದರೆ ಅನುಕೂಲವಿತ್ತು, ಅದಕ್ಕೇ ನಂಬಿದ್ದ.

"ಇಲ್ಲ ಮಗ" ಎಂದ. "ನೀನು ಮಗು, ನೀನು ಅಂಗೇ ಹೇಳ್ತೀಯ. ನೋಡ್ಬೇಕಾಗಿದ್ದವನು ನಾನು. ತಪ್ಪು ನಂದು."

"ನಂದೂ" ಎಂದಳು ಶಾಂತಿ, ಮೆಲ್ಲಗೆ.

ಈಗ ಏಳು ತಿಂಗಳಾಗಿದೆ. ಮೇಘನಾ ಶಾಲೆಗೆ ಹೋಗುತ್ತಾಳೆ. ಹಿಮ್ಮಡಿಯ ಚರ್ಮ ಬಿಗಿದುಕೊಂಡಿರುವುದರಿಂದ ಪಾದ ಪೂರ್ತಿ ನೆಲಕ್ಕೆ ಕೂರುವುದಿಲ್ಲ. ಕುಂಟುತ್ತಾಳೆ. ಸಂಜೆ ಹುಡುಗಿಯರು ಕುಂಟೆಬಿಲ್ಲೆ ಆಡುವಾಗ ಅವಳು ಗೆರೆ ಎಳೆದುಕೊಟ್ಟು ಪಕ್ಕದಲ್ಲಿ ನಿಲ್ಲುತ್ತಾಳೆ. ದಿನಾ ಬೆಳಿಗ್ಗೆ ದೇವೀರಮ್ಮ ಅವಳಿಗೆ ಆಸ್ಪತ್ರೆಯವರು ಹೇಳಿಕೊಟ್ಟ ವ್ಯಾಯಾಮ ಮಾಡಿಸುತ್ತಾರೆ. ಮುಂದೆ ಇನ್ನೊಂದು ಆಪರೇಷನ್ ಬೇಕಾಗುತ್ತದೋ ಇಲ್ಲವೋ, ಈಗಲೇ ಹೇಳಲಾಗುವುದಿಲ್ಲ.

ಬಸವೇಶ್ ಬೈಕಿಗೆ ಗಾರ್ಡು ಹಾಕಿಸಿದ್ದಾನೆ, ಕಾಲಿಡಲು ಅಗಲವಾದ ತಗಡನ್ನೂ ಕೂರಿಸಿದ್ದಾನೆ. ಮೊನ್ನೆ ಡೇರಿಯ ಮುಂದೆ ನಂಜುಂಡೇಶ್ ಎಂಬುವವನು ತನ್ನ ಚಿಕ್ಕ ಮಗಳನ್ನು ಹಿಂದೆ ಕೂರಿಸಿಕೊಂಡು ಹೊರಟಿದ್ದ. ಮಗುವಿನ ಬರಿಗಾಲು ಚಕ್ರದ ಪಕ್ಕ ತೂಗಾಡುತ್ತಿತ್ತು. ಬಸವೇಶ್ ಹ್ಯಾಂಡಲ್ ಹಿಡಿದು ನಿಲ್ಲಿಸಿದ.

"ಇಲ್ಲೇ ಪಕ್ಕದ ಬೀದಿಗೆ ಕಣಣ್ಣ, ಏನಾಯ್ತದೆ ಬುಡು" ಎಂದ ನಂಜುಂಡೇಶ್.

"ಏನಾಯ್ತದೆ ಅಂತ ನಮ್ಮನೆಗೆ ಬಂದು ನೋಡು ಕಣ್ಲಾ" ಎಂದ ಬಸವೇಶ್. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ನಂಜುಂಡೇಶ್ ಇಳಿದು, ಮಗುವನ್ನು ಎತ್ತಿಕೊಂಡು, ಬೈಕನ್ನು ಅಲ್ಲೇ ಬಿಟ್ಟು ನಡೆದು ಹೋದ.

ಸಂಘದ ಕಳೆದ ಸಭೆಯಲ್ಲಿ ಹೇಮಲತಾ ಎದ್ದು ನಿಂತು ಹೇಳಿದರು: "ನಾನೂ ತಪ್ಪು ಮಾಡ್ದೆ. ನಾಳೆ ಬತ್ತೀನಿ ಅಂದೋಳು ಬರ್ಲಿಲ್ಲ. ಒಂದು ಸಲ ಹೇಳಿ ನನ್ನ ಕೆಲಸ ಮುಗೀತು ಅಂದ್ಕಂಡೆ."

ಇದನ್ನು ಓದುತ್ತಿರುವ, ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮಲ್ಲಿ ಒಂದು ವಿನಂತಿ. ಗಾರ್ಡು ಇಲ್ಲದ ಬೈಕಿನಲ್ಲಿ ಮಕ್ಕಳನ್ನು ಕೂರಿಸಬೇಡಿ. ಎರಡೂ ಕಡೆ ಕಾಲು ಹಾಕಿ, ಕಾಲಿಗೆ ಬಿಗಿಯಾದ ಶೂ ಹಾಕಿಸಿ ಕೂರಿಸಿ. ಅಕಸ್ಮಾತ್ ಕಾಲು ಸಿಕ್ಕಿಕೊಂಡರೆ ಎಳೆಯಬೇಡಿ. ಬೈಕು ಆಫ್ ಮಾಡಿ, ಚಕ್ರವನ್ನು ನಿಧಾನವಾಗಿ ಹಿಂದಕ್ಕೆ ತಿರುಗಿಸಿ ಅಥವಾ ಮೆಕ್ಯಾನಿಕ್‌ನನ್ನು ಕರೆಸಿ ಬಿಡಿಸಿ. ಗಾಯವನ್ನು ಶುದ್ಧವಾದ ನೀರಿನಲ್ಲಿ ತೊಳೆದು, ಒಗೆದ ಬಟ್ಟೆ ಮುಚ್ಚಿ. ಕಾಫಿಪುಡಿ, ಅರಿಶಿನ, ಎಣ್ಣೆ ಯಾವುದೂ ಬೇಡ, ನೀವುವುದಂತೂ ಬೇಡವೇ ಬೇಡ. ಮಗುವನ್ನು ನಡೆಸದೆ, ಎತ್ತಿಕೊಂಡು ಅದೇ ದಿನ ಆಸ್ಪತ್ರೆಗೆ ಹೋಗಿ. ಗಾಯ ಮಾಯುವವರೆಗೆ ಹೊಳೆ, ನಾಲೆ, ಪಾರ್ಕಿನ ಕೊಳ, ಯಾವ ನೀರಿಗೂ ಇಳಿಸಬೇಡಿ.

ಪಕ್ಕದ ಮನೆಯ ಮಗುವಿಗೆ ಹೀಗಾಗಿದೆ ಎಂದು ಕಿವಿಗೆ ಬಿದ್ದರೂ ಎದ್ದು ಹೋಗಿ ಹೇಳಿ. ಕೇಳದಿದ್ದರೆ ಮಾರನೇ ದಿನ ಮತ್ತೆ ಹೋಗಿ ಹೇಳಿ.